ಹೊಸ ಸರ್ವರ್ ಪ್ರಾಜೆಕ್ಟ್‌ಗೆ ಜಾವಾನಾ, ಕೋಟ್ಲಿನ್ನಾ?

ತಿಳಿಗೊಳ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ನಾವು ಒಂದು ಹೊಸ ಸರ್ವರ್ ಪ್ರಾಜೆಕ್ಟ್ ಶುರು ಮಾಡುತ್ತಿದ್ದೇವೆ. ಭಾಷೆ ಯಾವುದು ಅನ್ನೋ ವಿಷಯದಲ್ಲಿ ಟೀಮ್ ಎರಡು ಭಾಗ ಆಗಿದೆ. ಜಗಳ ಏನಿಲ್ಲ, ಆದರೆ ಪ್ರತಿ ಮೀಟಿಂಗ್‌ನಲ್ಲೂ ಅದೇ ಮಾತು ಸುತ್ತಿ ಸುತ್ತಿ ಬರುತ್ತಿದೆ. ಎರಡರಲ್ಲೂ ನಿಜವಾದ ಸಿಸ್ಟಂ ನಡೆಸಿದವರನ್ನೇ ಕೇಳೋಣ ಅಂತ ಬಂದೆ.

ಕೆಲಸ ಇಷ್ಟು: ಸೀಟು ಕಾಯ್ದಿರಿಸುವುದು, ಪಾವತಿ ತೆಗೆದುಕೊಳ್ಳುವುದು, ರದ್ದಾದರೆ ಹಣ ವಾಪಸ್ ಮಾಡುವುದು. ಸ್ಪ್ರಿಂಗ್ ಬೂಟ್ ಫ್ರೇಮ್‌ವರ್ಕ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಟೇಬಲ್ ಸಾಲುಗಳನ್ನು ಆಬ್ಜೆಕ್ಟ್‌ಗಳಿಗೆ ಜೋಡಿಸುವ ಜೆಪಿಎ ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿದೆ. ಉಳಿದಿರುವುದು ಭಾಷೆ ಮಾತ್ರ. ಎರಡೂ ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಮೇಲೇ ಓಡುತ್ತವೆ, ಎರಡಕ್ಕೂ ಅವೇ ಲೈಬ್ರರಿಗಳು, ಒಂದರಿಂದ ಇನ್ನೊಂದನ್ನು ಕರೆಯಲೂಬಹುದು. ಇಷ್ಟು ಹತ್ತಿರದ ಭಾಷೆಗಳಾಗಿರೋದರಿಂದಲೇ ಆಯ್ಕೆ ಕಷ್ಟವಾಗಿದೆ ಅನಿಸುತ್ತಿದೆ.

ನಮ್ಮಲ್ಲಿ ಆರು ಜನ. ನಾಲ್ವರು ಜಾವಾ 8 ಮತ್ತು 11ರಲ್ಲಿ ಪಳಗಿದವರು. ಇಬ್ಬರು ಆಂಡ್ರಾಯ್ಡ್ ಕಡೆಯಿಂದ ಬಂದವರು, ಅವರ ಕೈಗೆ ಕೋಟ್ಲಿನ್ ಚೆನ್ನಾಗಿ ಕೂತಿದೆ. ಅವರು ಹೇಳೋದು: ಜಾವಾದಲ್ಲಿ ಒಂದು ಸಣ್ಣ ಕ್ಲಾಸ್‌ಗೂ ಸಾಲುಗಟ್ಟಲೆ ಬರೆಯಬೇಕು, ನಲ್ (ಮೌಲ್ಯವೇ ಇಲ್ಲದ ಖಾಲಿ) ಕಾಟ ಬೇರೆ. ನಲ್ ವಿಷಯದಲ್ಲಿ ನನಗೂ ಅವರ ಮಾತೇ ಸರಿ ಅನಿಸುತ್ತದೆ. ಹಳೆಯ ಸಿಸ್ಟಂನಲ್ಲಿ ರಾತ್ರಿ ಹೊತ್ತು ಎಬ್ಬಿಸಿದ ದೋಷಗಳಲ್ಲಿ ನಲ್ ಅನ್ನು ಬಳಸಲು ಹೋಗಿ ಬೀಳುವ ನಲ್ ಪಾಯಿಂಟರ್ ಎಕ್ಸೆಪ್ಷನ್‌ಗಳೇ ಜಾಸ್ತಿ ಇದ್ದವು. ಅಂಥದ್ದು ಪಾವತಿ ಅರ್ಧ ಆಗಿರುವಾಗ ಬಂದರೆ ಗ್ರಾಹಕರ ಹಣ ಎಲ್ಲಿದೆ ಅಂತ ಲಾಗ್ ತೆಗೆದು ಹುಡುಕಬೇಕು.

ಯಾವುದು ಚೆನ್ನಾಗಿದೆ ಅಂತ ಕೇಳುತ್ತಿಲ್ಲ. ಈ ಕೆಲಸಕ್ಕೆ, ಈ ಟೀಮ್‌ಗೆ ಯಾವುದು ಹೊಂದುತ್ತದೆ, ಯಾಕೆ ಅಂತ ಹೇಳಿ.

ಬೇರುಬಿಳಲು

ಮೊದಲು ಹೋಲಿಕೆ ಸರಿ ಮಾಡಿಕೊಳ್ಳಿ. ನಿಮ್ಮ ಟೀಮ್‌ನಲ್ಲಿ ಈಗ ನಡೆಯುತ್ತಿರುವುದು ಹಳೆಯ ಜಾವಾ ಮತ್ತು ಇವತ್ತಿನ ಕೋಟ್ಲಿನ್ ನಡುವಿನ ಹೋಲಿಕೆ. ಜಾವಾ 8 ಬಂದಿದ್ದು 2014ರಲ್ಲಿ, ಕೋಟ್ಲಿನ್ 1.0 ಬಂದಿದ್ದು 2016ರಲ್ಲಿ. ಆ ಹೊತ್ತಿಗೆ ಇವೆರಡರ ನಡುವೆ ಅಂತರ ದೊಡ್ಡದೇ ಇತ್ತು, ಆಗ ಕೋಟ್ಲಿನ್ ಕಡೆ ಹೋದವರ ಕಾರಣಗಳು ಸರಿಯಾಗಿಯೇ ಇದ್ದವು. ಆಮೇಲೆ ಜಾವಾ ಆರು ತಿಂಗಳಿಗೊಂದು ಆವೃತ್ತಿ ಬಿಡಲು ಶುರು ಮಾಡಿತು. ಜಾವಾ 10ರಲ್ಲಿ ಟೈಪ್ ಬರೆಯದೆ ವೇರಿಯಬಲ್ ಮಾಡುವ ವಾರ್ ಬಂತು. 16ರಲ್ಲಿ ರೆಕಾರ್ಡ್ ಬಂತು, ಡೇಟಾ ಹೊರುವ ಸಣ್ಣ ಕ್ಲಾಸ್ ಈಗ ಒಂದೇ ಸಾಲು. 17ರಲ್ಲಿ ತನ್ನಿಂದ ಯಾವ ಕ್ಲಾಸ್ ಹುಟ್ಟಬಹುದು ಅಂತ ಮಿತಿ ಹಾಕುವ ಸೀಲ್ಡ್ ಕ್ಲಾಸ್, 21ರಲ್ಲಿ ಸ್ವಿಚ್ ಒಳಗೆ ಟೈಪ್ ನೋಡಿ ದಾರಿ ಆರಿಸುವ ಪ್ಯಾಟರ್ನ್ ಮ್ಯಾಚಿಂಗ್. ಈಗ 2025ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 25 ದೀರ್ಘ ಬೆಂಬಲದ ಆವೃತ್ತಿ. ಹೊಸ ಪ್ರಾಜೆಕ್ಟ್ ಅಂದಮೇಲೆ ನೀವು ಅಲ್ಲಿಂದಲೇ ಶುರು ಮಾಡುತ್ತೀರಿ ಅಲ್ವಾ? ಹಾಗಾದರೆ ಸಾಲುಗಟ್ಟಲೆ ಬರೆಯಬೇಕು ಅನ್ನೋ ದೂರಿನಲ್ಲಿ ಮೊದಲಿನ ಬಲ ಇಲ್ಲ.

ಇನ್ನೂ ಕೋಟ್ಲಿನ್ ಮುಂದಿರುವ ಜಾಗಗಳಿವೆ. ಆರ್ಗ್ಯುಮೆಂಟ್‌ಗೆ ಹೆಸರು ಕೊಟ್ಟು ಕರೆಯುವುದು, ಡೀಫಾಲ್ಟ್ ಮೌಲ್ಯ ಕೊಡುವುದು, ಒಂದು ಫೀಲ್ಡ್ ಮಾತ್ರ ಬದಲಿಸಿ ಕಾಪಿ ಮಾಡುವುದು, ಇವ್ಯಾವುವೂ ಜಾವಾ ರೆಕಾರ್ಡ್‌ನಲ್ಲಿ ಇಲ್ಲ, ಅದಕ್ಕೆ ಬಿಲ್ಡರ್ ಅನ್ನೋ ಸಹಾಯಕ ಕ್ಲಾಸ್ ಬರೆಯಬೇಕು. ಇವು ದಿನಾ ಸುಖ ಕೊಡುವ ಸಂಗತಿಗಳು, ಒಪ್ಪುತ್ತೇನೆ. ಆದರೆ ಭಾಷೆ ಬದಲಿಸುವಷ್ಟು ತೂಕ ಇರುವುದು ನಲ್‌ಗೆ ಮಾತ್ರ ಅಂತ ನನ್ನ ಅಭಿಪ್ರಾಯ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಕೋಟ್ಲಿನ್ ತೆಗೆದುಕೊಂಡರೆ ನಲ್ ಕಾಟ ನಮ್ಮ ಕೋಡ್‌ನಲ್ಲಿ ಎಷ್ಟು ಕಡಿಮೆ ಆಗುತ್ತದೆ? ನಿಮ್ಮ ನಲ್‌ಗಳು ಎಲ್ಲಿಂದ ಬರುತ್ತವೆ ಅನ್ನೋದರ ಮೇಲೆ ಉತ್ತರ ನಿಂತಿದೆ.

ಕೋಟ್ಲಿನ್ ಕಂಪೈಲರ್ ಗ್ಯಾರಂಟಿ ಕೊಡುವುದು ಕೋಟ್ಲಿನ್ ಕೋಡ್‌ಗೆ. ಜಾವಾ ಲೈಬ್ರರಿಯಿಂದ ಬರುವ ಮೌಲ್ಯಕ್ಕೆ ಅನೋಟೇಶನ್ (ಕೋಡ್ ಮೇಲೆ ಹಾಕುವ ಗುರುತು) ಇಲ್ಲದಿದ್ದರೆ ಅದು ನಲ್ ಆಗಬಹುದೋ ಇಲ್ಲವೋ ಕಂಪೈಲರ್‌ಗೆ ಗೊತ್ತಿರುವುದಿಲ್ಲ. ಅದನ್ನು ಪ್ಲಾಟ್‌ಫಾರ್ಮ್ ಟೈಪ್ ಅನ್ನುತ್ತಾರೆ. ಅಲ್ಲಿ ಕಂಪೈಲರ್ ಸುಮ್ನಿರುತ್ತದೆ, ಪ್ರೋಗ್ರಾಂ ಓಡುವಾಗ ಬೀಳುತ್ತದೆ. ನಿಮ್ಮ ಸರ್ವರ್‌ಗೆ ಡೇಟಾ ಬರುವ ದಾರಿಗಳೇ ಡೇಟಾಬೇಸ್, ಜೇಸನ್ ರೂಪದ ಸಂದೇಶಗಳು, ಪಾವತಿ ಕಂಪನಿ ಕೊಡುವ ಕೋಡ್ ಅಂದರೆ ಎಸ್‌ಡಿಕೆ. ಮೂರೂ ಜಾವಾ ಲೈಬ್ರರಿ ಮೂಲಕವೇ ಬರುವುದು.

ಕಿರುದಾರಿ

ಬೇರುಬಿಳಲು ಅವರ ಕೊನೆಯ ಮಾತನ್ನು ಒಪ್ಪುತ್ತೇನೆ, ಆದರೆ ಅದರಿಂದ ನಾನು ತಲುಪುವ ಜಾಗ ಬೇರೆ. ಗಡಿಯಲ್ಲಿ (ಹೊರಗಿನ ಡೇಟಾ ನಮ್ಮ ಕೋಡ್‌ಗೆ ಬರುವ ಜಾಗದಲ್ಲಿ) ಅಪಾಯ ಇದೆ ಅಂದರೆ ಗಡಿಯನ್ನು ಚಿಕ್ಕದು ಮಾಡಿಕೊಳ್ಳಬೇಕು. ಒಳಗಿನ ಕೋಡ್ ಪೂರ್ತಿ ಗಟ್ಟಿಯಾಗುವ ಲಾಭವನ್ನು ಯಾಕೆ ಬಿಡಬೇಕು?

ತಿಳಿಗೊಳ ಅವರೇ, ನಿಮ್ಮ ಕೆಲಸದಲ್ಲಿ ಹಣ ವಾಪಸ್ ಮಾಡುವ ಭಾಗವನ್ನೇ ನೋಡಿ. ಒಂದು ಬುಕಿಂಗ್‌ಗೆ ರದ್ದಾದ ಸಮಯ ಅಂತ ಒಂದು ಫೀಲ್ಡ್ ಇರುತ್ತದೆ. ಬಹುಪಾಲು ಬುಕಿಂಗ್‌ಗಳಿಗೆ ಅದು ಖಾಲಿ. ಕೋಟ್ಲಿನ್‌ನಲ್ಲಿ ಆ ಟೈಪಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಆಮೇಲೆ ಆ ಸಮಯವನ್ನು ಹಿಡಿದು ಎಷ್ಟು ಹಣ ವಾಪಸ್ ಅಂತ ಲೆಕ್ಕ ಹಾಕುವ ಪ್ರತಿ ಜಾಗದಲ್ಲೂ ಖಾಲಿ ಇದ್ದರೆ ಏನು ಮಾಡುತ್ತೀರಿ ಅಂತ ಕಂಪೈಲರ್ ಕೇಳುತ್ತದೆ, ಉತ್ತರ ಕೊಡುವವರೆಗೆ ಬಿಲ್ಡ್ ಆಗುವುದಿಲ್ಲ. ಜಾವಾದಲ್ಲಿ ಅದನ್ನು ಬರೆದವರು ನೆನಪಿಟ್ಟುಕೊಳ್ಳಬೇಕು, ರಿವ್ಯೂ ಮಾಡುವವರೂ ನೆನಪಿಟ್ಟುಕೊಳ್ಳಬೇಕು, ಎರಡು ವರ್ಷ ಬಿಟ್ಟು ಸೇರಿದವರಿಗೆ ಯಾರಾದರೂ ಹೇಳಿಕೊಡಬೇಕು. ಖಾಲಿ ಇರಬಹುದು ಅಂತ ತೋರಿಸುವ ಆಪ್ಷನಲ್ ಟೈಪ್ ಇದೆ ಅನ್ನಬಹುದು. ಆದರೆ ಅದನ್ನು ಬಳಸಲೇಬೇಕು ಅಂತ ಭಾಷೆ ಒತ್ತಾಯ ಮಾಡುವುದಿಲ್ಲ, ಫೀಲ್ಡ್‌ಗೆ ಹಾಕುವುದು ಒಳ್ಳೆಯ ಅಭ್ಯಾಸ ಅಂತಲೂ ಜನ ಒಪ್ಪುವುದಿಲ್ಲ.

ಇನ್ನೊಂದನ್ನು ಯಾರೂ ಹೇಳಲಿಲ್ಲ: ವ್ಯಾಲ್ಯೂ ಕ್ಲಾಸ್. ಬುಕಿಂಗ್ ಐಡಿ, ಗ್ರಾಹಕರ ಐಡಿ, ಪಾವತಿ ಐಡಿ ಎಲ್ಲವೂ ಒಳಗೆ ಲಾಂಗ್ ಸಂಖ್ಯೆಗಳೇ. ಫಂಕ್ಷನ್‌ಗೆ ಎರಡನ್ನು ಅದಲುಬದಲು ಮಾಡಿ ಕೊಟ್ಟರೆ ಜಾವಾ ಕಂಪೈಲರ್ ಏನೂ ಹೇಳುವುದಿಲ್ಲ, ತಪ್ಪು ಗ್ರಾಹಕರಿಗೆ ಹಣ ಹೋಗುತ್ತದೆ. ಕೋಟ್ಲಿನ್‌ನಲ್ಲಿ ಒಂದೊಂದಕ್ಕೂ ಒಂದು ಸಾಲಿನ ವ್ಯಾಲ್ಯೂ ಕ್ಲಾಸ್ ಮಾಡಿದರೆ ಅವು ಬೇರೆ ಬೇರೆ ಟೈಪ್ ಆಗುತ್ತವೆ, ಓಡುವಾಗ ಸಾಮಾನ್ಯವಾಗಿ ಬರೀ ಲಾಂಗ್ ಆಗಿಯೇ ಇರುತ್ತವೆ. ಜಾವಾದಲ್ಲಿ ಇದನ್ನೇ ರೆಕಾರ್ಡ್‌ನಿಂದ ಮಾಡಬಹುದು, ನಿಜ, ಆದರೆ ಜನ ಮಾಡುವುದಿಲ್ಲ. ಯಾವುದು ಸುಲಭವೋ ಅದು ಅಭ್ಯಾಸ ಆಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಕೊಡುತ್ತೇನೆ. ಜಾವಾ ಬಲ್ಲವರು ಕೋಟ್ಲಿನ್ ಓದಲು ಬೇಗ ಕಲಿಯುತ್ತಾರೆ, ಆದರೆ ಬರೆಯುವಾಗ ಮೊದಮೊದಲು ಜಾವಾವನ್ನೇ ಕೋಟ್ಲಿನ್ ಅಕ್ಷರದಲ್ಲಿ ಬರೆಯುತ್ತಾರೆ. ಕಂಪೈಲರ್ ನಲ್ ಬಗ್ಗೆ ತಕರಾರು ತೆಗೆದಲ್ಲೆಲ್ಲ ಎರಡು ಆಶ್ಚರ್ಯಸೂಚಕ ಚಿಹ್ನೆ (ಇದು ನಲ್ ಅಲ್ಲ, ನಂಬು ಅನ್ನೋ ಗುರುತು) ಒತ್ತಿ ಬಾಯಿ ಮುಚ್ಚಿಸುತ್ತಾರೆ. ಹಾಗೆ ಮಾಡಿದರೆ ನಲ್ ಕಾಟ ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಕೋಟ್ಲಿನ್ ಕೋಡ್ ಪರಿಶೀಲಿಸುವ ಡಿಟೆಕ್ಟ್ ಟೂಲ್‌ನಲ್ಲಿ ಇದನ್ನು ಹಿಡಿಯುವ ನಿಯಮ ಇದೆ, ಮೊದಲ ದಿನವೇ ಆನ್ ಮಾಡಿ. ಲೆಟ್, ಆಲ್ಸೋ, ಅಪ್ಲೈ, ರನ್, ವಿತ್ ಅನ್ನೋ ಫಂಕ್ಷನ್‌ಗಳನ್ನು ಒಂದರೊಳಗೊಂದು ಸುತ್ತುವುದನ್ನೂ ರಿವ್ಯೂನಲ್ಲಿ ತಡೆಯಿರಿ. ಹಾಗೆ ಸುತ್ತಿದ ಕೋಡನ್ನು ಒಂದು ತಿಂಗಳು ಬಿಟ್ಟು ಓದಿದರೆ ಯಾವ ಇಟ್ (ಒಳಗಿನ ಮೌಲ್ಯಕ್ಕೆ ತಾನಾಗಿ ಬರುವ ಹೆಸರು) ಯಾವುದು ಅಂತ ಬರೆದವರಿಗೇ ಗೊತ್ತಾಗುವುದಿಲ್ಲ.

ಮರಳುಗೂಡು

ನೀವು ಜೆಪಿಎ ತೀರ್ಮಾನ ಆಗಿದೆ ಅಂದಿರಿ. ಅದನ್ನು ಓದಿ ಉತ್ತರ ಬರೆಯಲೇಬೇಕು ಅನಿಸಿತು, ಯಾಕೆಂದರೆ ನಿಮ್ಮ ಭಾಷೆಯ ಆಯ್ಕೆ ಅರ್ಧ ಅಲ್ಲಿಯೇ ಆಗಿಹೋಗಿದೆ. ಜೆಪಿಎ ಮತ್ತು ಕೋಟ್ಲಿನ್ ಜೊತೆಗೆ ಕೆಲಸ ಮಾಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡರ ಸ್ವಭಾವ ಒಂದಕ್ಕೊಂದು ಉಲ್ಟಾ.

ಕೋಟ್ಲಿನ್‌ನಲ್ಲಿ ಕ್ಲಾಸ್‌ಗಳು ತಾವಾಗಿಯೇ ಫೈನಲ್, ಅಂದರೆ ಅವುಗಳಿಂದ ಇನ್ನೊಂದು ಕ್ಲಾಸ್ ಹುಟ್ಟಿಸಲಾಗದು. ಜೆಪಿಎಯ ಹಿಂದೆ ಕೆಲಸ ಮಾಡುವ ಹೈಬರ್‌ನೇಟ್‌ಗೆ ಲೇಜಿ ಲೋಡಿಂಗ್‌ಗಾಗಿ (ಬೇಕಾದಾಗ ಮಾತ್ರ ಡೇಟಾ ತರಲು) ನಿಮ್ಮ ಎಂಟಿಟಿಯಿಂದ (ಟೇಬಲ್‌ಗೆ ಜೋಡಿಸಿದ ಕ್ಲಾಸ್‌ನಿಂದ) ಒಂದು ಪ್ರಾಕ್ಸಿ, ಅಂದರೆ ಬದಲಿ ಕ್ಲಾಸ್ ಹುಟ್ಟಿಸಬೇಕು, ಫೈನಲ್ ಆದರೆ ಆಗುವುದಿಲ್ಲ. ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಬೇರೆ ಬೇಕು. ಇದಕ್ಕೆ ಪ್ಲಗಿನ್‌ಗಳಿವೆ, ಆದರೆ ಇಲ್ಲಿ ಬಹಳ ಜನ ಎಡವುತ್ತಾರೆ: ಹಳೆಯ ಕೋಟ್ಲಿನ್ ಆವೃತ್ತಿಗಳಲ್ಲಿ ಕೋಟ್ಲಿನ್-ಜೆಪಿಎ ಪ್ಲಗಿನ್ ಕನ್‌ಸ್ಟ್ರಕ್ಟರ್ ಮಾತ್ರ ಕೊಡುತ್ತದೆ, ಕ್ಲಾಸನ್ನು ಓಪನ್ (ಫೈನಲ್ ಅಲ್ಲದಂತೆ) ಮಾಡುವುದಿಲ್ಲ. ಕೋಟ್ಲಿನ್-ಸ್ಪ್ರಿಂಗ್ ಪ್ಲಗಿನ್ ಓಪನ್ ಮಾಡುತ್ತದೆ, ಆದರೆ ಸ್ಪ್ರಿಂಗ್ ಅನೋಟೇಶನ್ ಇರುವ ಕ್ಲಾಸ್‌ಗಳನ್ನು ಮಾತ್ರ. ಅಂಥ ಆವೃತ್ತಿಯಲ್ಲಿ ಎಂಟಿಟಿಗಳಿಗೆ ಆಲ್-ಓಪನ್ ಪ್ಲಗಿನ್ ಅನ್ನು ನೀವೇ ಕಾನ್ಫಿಗರ್ ಮಾಡಬೇಕು. ಮಾಡದಿದ್ದರೆ ಬಿಲ್ಡ್ ಆಗುತ್ತದೆ, ಟೆಸ್ಟೂ ಪಾಸ್ ಆಗುತ್ತದೆ, ಲೇಜಿ ಅಂದುಕೊಂಡಿದ್ದ ಸಂಬಂಧಗಳು ಮಾತ್ರ ಸದ್ದಿಲ್ಲದೆ ತಕ್ಷಣವೇ ಲೋಡ್ ಆಗುತ್ತಿರುತ್ತವೆ. ಸ್ಪ್ರಿಂಗ್‌ನ ಪ್ರಾಜೆಕ್ಟ್ ಹುಟ್ಟಿಸುವ ಸೈಟ್‌ನಿಂದ ಕೋಟ್ಲಿನ್ ಮತ್ತು ಜೆಪಿಎ ಎರಡನ್ನೂ ಆರಿಸಿ ಶುರು ಮಾಡಿದರೆ ಇದನ್ನೆಲ್ಲ ಅದೇ ಸೇರಿಸಿ ಕೊಡುತ್ತದೆ. ಕೈಯಿಂದ ಬಿಲ್ಡ್ ಫೈಲ್ ಬರೆದವರಿಗೆ ತೊಂದರೆ.

ಡೇಟಾ ಕ್ಲಾಸನ್ನು ಎಂಟಿಟಿ ಮಾಡುವ ಆಸೆಯನ್ನಂತೂ ಬಿಟ್ಟುಬಿಡಿ. ಎರಡು ಆಬ್ಜೆಕ್ಟ್ ಒಂದೇನಾ ಅಂತ ನೋಡುವ ಅದರ ಈಕ್ವಲ್ಸ್ ಮತ್ತು ಹ್ಯಾಶ್‌ಕೋಡ್ ಕನ್‌ಸ್ಟ್ರಕ್ಟರ್‌ನ ಎಲ್ಲ ಪ್ರಾಪರ್ಟಿಗಳನ್ನೂ ಸೇರಿಸಿಕೊಳ್ಳುತ್ತವೆ. ಡೇಟಾಬೇಸ್ ಐಡಿ ಕೊಟ್ಟ ಕೂಡಲೇ ಹ್ಯಾಶ್‌ಕೋಡ್ ಬದಲಾಗುತ್ತದೆ, ಅದಕ್ಕೂ ಮೊದಲೇ ಹ್ಯಾಶ್‌ಸೆಟ್‌ಗೆ ಹಾಕಿದ್ದರೆ ಹುಡುಕಿದಾಗ ಸಿಗುವುದಿಲ್ಲ. ಬುಕಿಂಗ್ ಒಳಗೆ ಪಾವತಿ, ಪಾವತಿ ಒಳಗೆ ಬುಕಿಂಗ್ ಇದ್ದರೆ ಒಂದು ಲಾಗ್ ಸಾಲು ಬರೆದರೂ ಆಬ್ಜೆಕ್ಟನ್ನು ಅಕ್ಷರವಾಗಿಸುವ ಟೂಸ್ಟ್ರಿಂಗ್ ಸುತ್ತು ಹೊಡೆದು ಸ್ಟ್ಯಾಕ್ ಓವರ್‌ಫ್ಲೋ ಆಗುತ್ತದೆ. ಎಂಟಿಟಿಗೆ ಸಾಮಾನ್ಯ ಕ್ಲಾಸ್ ಬರೆಯಿರಿ. ಹಾಗೆ ಬರೆದಾಗ ಅದು ಜಾವಾ ಎಂಟಿಟಿಗಿಂತ ಅಷ್ಟೇನೂ ಬೇರೆಯಾಗಿ ಕಾಣುವುದಿಲ್ಲ.

ನಲ್ ವಿಷಯಕ್ಕೆ ಬರೋಣ. ಹೈಬರ್‌ನೇಟ್ ಫೀಲ್ಡ್‌ಗಳನ್ನು ತುಂಬುವುದು ರಿಫ್ಲೆಕ್ಷನ್‌ನಿಂದ (ಓಡುವಾಗ ಕ್ಲಾಸ್ ಒಳಗೆ ನೇರ ಕೈಹಾಕಿ), ಕೋಟ್ಲಿನ್‌ನ ಚೆಕ್‌ಗಳನ್ನು ದಾಟಿ. ಪ್ರಾಪರ್ಟಿ ನಲ್ ಆಗದು ಅಂತ ನೀವು ಬರೆದಿದ್ದೀರಿ, ಟೇಬಲ್‌ನ ಕಾಲಂನಲ್ಲಿ ನಲ್ ಇದೆ. ಆಗ ನಲ್ ಒಳಗೆ ಬಂದು ಕೂರುತ್ತದೆ, ಎಲ್ಲೋ ದೂರದಲ್ಲಿ ಬಳಸುವಾಗ ಸ್ಫೋಟಿಸುತ್ತದೆ. ಜೇಸನ್ ಓದುವ ಜಾಕ್ಸನ್ ಲೈಬ್ರರಿ ಕೂಡ ಹಾಗೇ. ಸ್ಟ್ರಿಂಗ್‌ಗಳ ಲಿಸ್ಟ್ ಅಂತ ಬರೆದಿದ್ದರೂ ಜೇಸನ್‌ನಲ್ಲಿ ಆ ಲಿಸ್ಟ್ ಒಳಗೆ ನಲ್ ಬಂದರೆ ಸುಮ್ಮನೆ ತೆಗೆದುಕೊಳ್ಳುತ್ತದೆ, ಅದನ್ನು ತಡೆಯಲು ಕೋಟ್ಲಿನ್ ಮಾಡ್ಯೂಲ್‌ನಲ್ಲಿ ಬೇರೆ ಆಯ್ಕೆ ಆನ್ ಮಾಡಬೇಕು. ಡೇಟಾಬೇಸ್‌ನಲ್ಲಿ ನಾಟ್ ನಲ್ (ಕಾಲಂ ಖಾಲಿ ಬಿಡುವಂತಿಲ್ಲ ಅನ್ನೋ ನಿಯಮ) ಹಾಕದೆ ಕೋಟ್ಲಿನ್‌ನಿಂದ ರಕ್ಷಣೆ ಸಿಗುತ್ತದೆ ಅಂದುಕೊಳ್ಳಬೇಡಿ.

ಕೊನೆಗೆ, ಹಣದ ಕೆಲಸ ಆದ್ದರಿಂದ ಇದನ್ನು ಖಂಡಿತ ತಿಳಿದುಕೊಂಡಿರಿ. ಸ್ಪ್ರಿಂಗ್‌ನ ಟ್ರಾನ್ಸಾಕ್ಷನಲ್ ಅನೋಟೇಶನ್ ರನ್‌ಟೈಮ್ ಎಕ್ಸೆಪ್ಷನ್ ಅಥವಾ ಎರರ್ ಬಂದರೆ ರೋಲ್‌ಬ್ಯಾಕ್ ಮಾಡುತ್ತದೆ (ಬರೆದದ್ದನ್ನು ಅಳಿಸುತ್ತದೆ), ಚೆಕ್ಡ್ ಎಕ್ಸೆಪ್ಷನ್ ಬಂದರೆ ಕಮಿಟ್ ಮಾಡುತ್ತದೆ (ಉಳಿಸಿಬಿಡುತ್ತದೆ). ಜಾವಾದಲ್ಲಿ ಚೆಕ್ಡ್ ಎಕ್ಸೆಪ್ಷನ್ ಅನ್ನು ಅಲ್ಲೇ ಹಿಡಿಯಬೇಕು, ಇಲ್ಲ ಮೆಥಡ್ ಮೇಲೆ ಬರೆಯಲೇಬೇಕು, ಹಾಗಾಗಿ ಕಣ್ಣಿಗೆ ಬೀಳುತ್ತದೆ. ಕೋಟ್ಲಿನ್‌ನಲ್ಲಿ ಚೆಕ್ಡ್ ಅನ್ನೋ ವಿಚಾರವೇ ಇಲ್ಲ. ಪಾವತಿ ಎಸ್‌ಡಿಕೆ ಐಒ ಎಕ್ಸೆಪ್ಷನ್ ಎಸೆದರೆ ನಿಮ್ಮ ಕೋಡ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ, ಅರ್ಧ ಬರೆದ ಡೇಟಾ ಕಮಿಟ್ ಆಗುತ್ತದೆ. ಸ್ಪ್ರಿಂಗ್ ಫ್ರೇಮ್‌ವರ್ಕ್ 6.2ರಿಂದ ಎಲ್ಲ ಎಕ್ಸೆಪ್ಷನ್‌ಗೂ ರೋಲ್‌ಬ್ಯಾಕ್ ಮಾಡು ಅಂತ ಒಂದೇ ಜಾಗದಲ್ಲಿ ಹೇಳಬಹುದು. ಕೋಟ್ಲಿನ್ ಆರಿಸಿದರೆ ಅದನ್ನು ಹಾಕದೆ ಮುಂದೆ ಹೋಗಬೇಡಿ.

ಕಿರುದಾರಿ

ಮರಳುಗೂಡು ಹೇಳಿದ್ದೆಲ್ಲ ನಿಜ. ಅದಕ್ಕೇ ಕೇಳುತ್ತೇನೆ, ಜೆಪಿಎ ಯಾಕೆ ಬೇಕು? ಅದಕ್ಕಿಂತ ಸರಳವಾದ ಡೇಟಾಬೇಸ್ ಪದರ ಸ್ಪ್ರಿಂಗ್ ಡೇಟಾ ಜೆಡಿಬಿಸಿ ತೆಗೆದುಕೊಳ್ಳಿ. ಅದರಲ್ಲಿ ಪ್ರಾಕ್ಸಿ ಇಲ್ಲ, ಲೇಜಿ ಲೋಡಿಂಗ್ ಇಲ್ಲ, ಬದಲಾಗದ ಡೇಟಾ ಕ್ಲಾಸನ್ನು ಕನ್‌ಸ್ಟ್ರಕ್ಟರ್ ಮೂಲಕವೇ ಕಟ್ಟುತ್ತದೆ, ಹಾಗಾಗಿ ಕೋಟ್ಲಿನ್ ಚೆಕ್‌ಗಳು ಅಲ್ಲೇ ಓಡುತ್ತವೆ. ಸೀಟು ಕಾಯ್ದಿರಿಸುವ ಕೆಲಸದಲ್ಲಿ ಹೇಗಿದ್ದರೂ ಲಾಕ್ ಹಿಡಿಯುವ ಎಸ್‌ಕ್ಯೂಎಲ್ ಅನ್ನು ನೀವೇ ಬರೆಯಬೇಕಾಗಬಹುದು.

ಎಳೆಬಿಸಿಲು

ಕೋರೂಟೀನ್ (ಥ್ರೆಡ್ ಕಾಯಿಸದೆ ಕೆಲಸ ನಿಲ್ಲಿಸಿ ಮುಂದುವರಿಸುವ ಕೋಟ್ಲಿನ್ ಸೌಲಭ್ಯ) ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಆಂಡ್ರಾಯ್ಡ್‌ನಿಂದ ಬಂದವರು ಅದನ್ನು ಕೇಳಿಯೇ ಕೇಳುತ್ತಾರೆ. ಆಂಡ್ರಾಯ್ಡ್‌ನಲ್ಲಿ ಅದು ಬಹಳ ಒಳ್ಳೆಯ ಸಾಧನ, ಸ್ಕ್ರೀನ್ ಮುಚ್ಚಿದರೆ ಕೆಲಸವನ್ನು ರದ್ದು ಮಾಡುವುದೆಲ್ಲ ಅಚ್ಚುಕಟ್ಟು. ಆದರೆ ನಿಮ್ಮದು ಪೋಸ್ಟ್‌ಗ್ರೆಸ್ ಮತ್ತು ಜೆಡಿಬಿಸಿ, ಅಂದರೆ ಬ್ಲಾಕ್ ಆಗುವ (ಉತ್ತರ ಬರುವವರೆಗೆ ಥ್ರೆಡ್ ಕಾಯಿಸುವ) ಡ್ರೈವರ್. ಫಂಕ್ಷನ್ ಮೇಲೆ ಕೋರೂಟೀನ್‌ನ ಸಸ್ಪೆಂಡ್ ಅಂತ ಬರೆದ ಮಾತ್ರಕ್ಕೆ ಅದು ಬ್ಲಾಕ್ ಆಗದೆ ಇರುವುದಿಲ್ಲ. ಜೆಡಿಬಿಸಿ ಟ್ರಾನ್ಸಾಕ್ಷನ್ ಒಂದು ಥ್ರೆಡ್‌ಗೆ ಅಂಟಿಕೊಂಡಿರುತ್ತದೆ, ಕೋರೂಟೀನ್ ನಡುವೆ ಥ್ರೆಡ್ ಬದಲಿಸಬಹುದು, ಎರಡೂ ಕೂಡುವುದಿಲ್ಲ. ಲಾಗ್‌ನಲ್ಲಿ ರಿಕ್ವೆಸ್ಟ್ ಐಡಿ ಕೂಡ ಇದೇ ಕಾರಣಕ್ಕೆ ಕಾಣೆಯಾಗುತ್ತದೆ, ಅದನ್ನು ಹೊತ್ತೊಯ್ಯಲು ಬೇರೆ ವ್ಯವಸ್ಥೆ ಮಾಡಬೇಕು.

ಇದಕ್ಕೆ ಜಾವಾ 21ರಲ್ಲಿ ಬಂದ ವರ್ಚುವಲ್ ಥ್ರೆಡ್ (ಜೆವಿಎಂ ನಡೆಸುವ ಹಗುರ ಥ್ರೆಡ್) ಸಾಕು. ಕೋಡ್ ಹಾಗೇ ಸಾಲಾಗಿ ಬರೆಯುತ್ತೀರಿ, ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಸೆಟ್ಟಿಂಗ್. 21ರಲ್ಲಿ ಒಮ್ಮೆಗೆ ಒಂದೇ ಥ್ರೆಡ್ ಬಿಡುವ ಸಿಂಕ್ರೊನೈಸ್ಡ್ ಬ್ಲಾಕ್ ಒಳಗೆ ಕಾಯುವಾಗ ಕೆಳಗಿನ ನಿಜವಾದ ಥ್ರೆಡ್ ಕೂಡ ಸಿಕ್ಕಿಹಾಕಿಕೊಳ್ಳುವ ತೊಂದರೆ ಇತ್ತು, 24ರಲ್ಲಿ ಅದನ್ನು ಸರಿ ಮಾಡಿದರು. ಇದು ಜೆವಿಎಂನ ಸೌಲಭ್ಯ, ಕೋಟ್ಲಿನ್‌ನಲ್ಲಿ ಬರೆದರೂ ಸಿಗುತ್ತದೆ. ಹಾಗಾಗಿ ಈ ಕೆಲಸದ ಮಟ್ಟಿಗೆ ಕೋರೂಟೀನ್ ಅನ್ನು ಕೋಟ್ಲಿನ್ ಪರ ಕಾರಣವಾಗಿ ಎಣಿಸಬೇಡಿ. ಡೇಟಾಬೇಸ್ ಕನೆಕ್ಷನ್ ಪೂಲ್ ಎಷ್ಟು ದೊಡ್ಡದೋ ಅಷ್ಟೇ ಕೆಲಸ ಒಮ್ಮೆಗೆ ನಡೆಯುವುದು ಅನ್ನೋದೂ ನೆನಪಿರಲಿ.

ತಿಳಿಗೊಳ

ಎಲ್ಲರಿಗೂ ಧನ್ಯವಾದ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಬೇರುಬಿಳಲು ಅವರು ಕೇಳಿದ ಪ್ರಶ್ನೆ ಹಿಡಿದುಕೊಂಡು ಹಳೆಯ ಸಿಸ್ಟಂನ ದೋಷಗಳ ಪಟ್ಟಿಯನ್ನು ಮತ್ತೆ ನೋಡಿದೆವು. ಹೆಚ್ಚಿನ ನಲ್‌ಗಳು ಬಂದಿದ್ದು ಎರಡು ಕಡೆಯಿಂದ: ನಾಟ್ ನಲ್ ಇಲ್ಲದ ಕಾಲಂಗಳು, ಮತ್ತು ಹೊರಗಿನ ಸರ್ವಿಸ್ ಕಳಿಸುವ ಜೇಸನ್‌ನಲ್ಲಿ ಬಿಟ್ಟುಹೋದ ಫೀಲ್ಡ್‌ಗಳು. ಅಂದರೆ ಗಡಿಯಲ್ಲೇ. ಒಳಗಿನ ಲೆಕ್ಕದಲ್ಲಿ ಹುಟ್ಟಿದ್ದು ಕಡಿಮೆ.

ಕಿರುದಾರಿ ಹೇಳಿದಂತೆ ಜೆಪಿಎ ಬಿಡುವುದನ್ನೂ ಯೋಚಿಸಿದೆವು. ನಾಲ್ವರಿಗೆ ಜೆಪಿಎ ಚೆನ್ನಾಗಿ ಗೊತ್ತು, ಅದು ಎಲ್ಲಿ ಕೈಕೊಡುತ್ತದೆ ಅನ್ನೋದೂ ಗೊತ್ತು. ಭಾಷೆ, ಡೇಟಾಬೇಸ್ ಪದರ ಎರಡನ್ನೂ ಒಟ್ಟಿಗೆ ಹೊಸದು ಮಾಡಿದರೆ ರಾತ್ರಿ ಏನಾದರೂ ಬಿದ್ದಾಗ ಧೈರ್ಯವಾಗಿ ನೋಡುವವರು ಇಬ್ಬರೇ ಉಳಿಯುತ್ತಾರೆ. ಹಣದ ಸಿಸ್ಟಂ ಅನ್ನು ಇಬ್ಬರ ಹೆಗಲ ಮೇಲೆ ಇಡಲು ನನಗೆ ಮನಸ್ಸಿಲ್ಲ.

ಇನ್ನೊಂದು ವಿಷಯ, ಮೊದಲು ಹೇಳಿರಲಿಲ್ಲ. ನಾವು ಮರುಬಳಕೆ ಮಾಡಬೇಕೆಂದಿರುವ ಹಳೆಯ ಲೈಬ್ರರಿ ತುಂಬ ಲೊಂಬೊಕ್ ಇದೆ, ಫೀಲ್ಡ್ ಓದುವ ಗೆಟರ್ ಮೆಥಡ್‌ಗಳನ್ನು ಕಂಪೈಲ್ ಆಗುವಾಗ ಅದೇ ಹುಟ್ಟಿಸುತ್ತದೆ. ಆ ಲೈಬ್ರರಿಯನ್ನು ಅದೇ ಮಾಡ್ಯೂಲ್‌ಗೆ ತಂದು ಕೋಟ್ಲಿನ್‌ನಿಂದ ಕರೆಯಲು ನೋಡಿದಾಗ ಗೆಟರ್‌ಗಳೇ ಕಾಣಲಿಲ್ಲ.

ಈಗ ಮನಸ್ಸು ಜಾವಾ 25 ಕಡೆ ಇದೆ. ಆದರೆ ನಲ್ ಅನ್ನು ಹಾಗೇ ಬಿಡಲು ನಮ್ಮ ಇಬ್ಬರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಜಾವಾದಲ್ಲೇ ಕಂಪೈಲ್ ಆಗುವಾಗ ನಲ್ ಹಿಡಿಯುವ ನಂಬಬಹುದಾದ ದಾರಿ ಇದೆಯಾ?

ಕಿರುದಾರಿ

ನಿಮ್ಮ ಕಾರಣಗಳು ಸರಿಯಾಗಿವೆ. ನಾನಾಗಿದ್ದರೆ ಕೋಟ್ಲಿನ್ ಆರಿಸುತ್ತಿದ್ದೆ, ಆದರೆ ನಿಮ್ಮ ಜಾಗದಲ್ಲಿ ರಾತ್ರಿ ಎದ್ದು ನೋಡುವವರು ನೀವು. ಲೊಂಬೊಕ್ ವಿಷಯ: ಒಂದೇ ಮಾಡ್ಯೂಲ್‌ನಲ್ಲಿ ಇದ್ದಾಗ ಕೋಟ್ಲಿನ್ ಕಂಪೈಲರ್ ಜಾವಾ ಸೋರ್ಸನ್ನು ಲೊಂಬೊಕ್ ಓಡುವ ಮೊದಲೇ ಓದುತ್ತದೆ, ಅದಕ್ಕೇ ಗೆಟರ್ ಕಾಣುವುದಿಲ್ಲ. ಬೇರೆ ಮಾಡ್ಯೂಲ್ ಮಾಡಿ ಜಾರ್ ಆಗಿ ಸೇರಿಸಿದರೆ ಕಾಣುತ್ತದೆ. ಮುಂದೆ ಯಾವಾಗಲಾದರೂ ಕೋಟ್ಲಿನ್ ಸೇರಿಸುವ ಮನಸ್ಸಾದರೆ ನೆನಪಿರಲಿ. ಹೊಸ ಕೋಡ್‌ನಲ್ಲಿ ಲೊಂಬೊಕ್ ಬದಲು ರೆಕಾರ್ಡ್ ಬರೆದರೆ ಆ ದಾರಿ ತೆರೆದೇ ಇರುತ್ತದೆ.

ಬೇರುಬಿಳಲು

ದಾರಿ ಇದೆ, ಈಗ ಚೆನ್ನಾಗಿಯೇ ಇದೆ. ಜೆಸ್ಪೆಸಿಫೈ ಅನ್ನುವ ಅನೋಟೇಶನ್‌ಗಳ 1.0 ಆವೃತ್ತಿ 2024ರಲ್ಲಿ ಬಂತು. ಪ್ಯಾಕೇಜ್ ಮೇಲೆ ನಲ್‌ಮಾರ್ಕ್ಡ್ ಅಂತ ಹಾಕಿದರೆ ಅದರೊಳಗಿನ ಟೈಪ್‌ಗಳು ಸಾಮಾನ್ಯವಾಗಿ ನಲ್ ಆಗುವಂತಿಲ್ಲ, ಆಗಬಹುದಾದ ಜಾಗದಲ್ಲಿ ಮಾತ್ರ ನಲ್ಲಬಲ್ ಅಂತ ಬರೆಯುತ್ತೀರಿ. ಅದನ್ನು ಪರೀಕ್ಷಿಸಲು ಕಂಪೈಲ್ ಆಗುವಾಗ ತಪ್ಪು ಹಿಡಿಯುವ ಎರರ್ ಪ್ರೋನ್ ಮೇಲೆ ಓಡುವ ನಲ್‌ಅವೇ ಟೂಲ್ ಇದೆ. ಸ್ಪ್ರಿಂಗ್ ಫ್ರೇಮ್‌ವರ್ಕ್ 7 ತನ್ನ ಕೋಡ್‌ಗೇ ಜೆಸ್ಪೆಸಿಫೈ ಹಾಕಿಕೊಂಡಿದೆ, ಅಂದರೆ ಸ್ಪ್ರಿಂಗ್ ಬೂಟ್ 4ರಿಂದ ಶುರು ಮಾಡಿದರೆ ಸ್ಪ್ರಿಂಗ್ ಏನು ವಾಪಸ್ ಕೊಡುತ್ತದೆ ಅನ್ನೋದೂ ಟೂಲ್‌ಗೆ ಗೊತ್ತಿರುತ್ತದೆ. ಕೋಟ್ಲಿನ್ ಕಂಪೈಲರ್ ಕೂಡ ಅವೇ ಅನೋಟೇಶನ್‌ಗಳನ್ನು ಓದುತ್ತದೆ, ಹಾಗಾಗಿ ಈ ಶ್ರಮ ಮುಂದೆ ಎಲ್ಲೂ ವ್ಯರ್ಥ ಆಗುವುದಿಲ್ಲ.

ಮಾಡುವಾಗ ಎರಡು ವಿಷಯ ನೋಡಿಕೊಳ್ಳಿ. ಒಂದು, ನಲ್‌ಮಾರ್ಕ್ಡ್ ಹಾಕಿದ್ದು ಆ ಒಂದು ಪ್ಯಾಕೇಜ್‌ಗೆ ಮಾತ್ರ, ಅದರ ಕೆಳಗಿನ ಪ್ಯಾಕೇಜ್‌ಗಳಿಗೆ ಹರಿಯುವುದಿಲ್ಲ. ಹೊಸ ಪ್ಯಾಕೇಜ್ ಮಾಡಿದಾಗ ಪ್ಯಾಕೇಜ್-ಇನ್ಫೋ ಫೈಲ್ ಮರೆತರೆ ಅಷ್ಟೂ ಕೋಡ್ ಚೆಕ್ ಆಗದೆ ಉಳಿಯುತ್ತದೆ. ನಲ್‌ಅವೇಯ ಅನೋಟೇಟೆಡ್ ಪ್ಯಾಕೇಜಸ್ ಸೆಟ್ಟಿಂಗ್‌ನಲ್ಲಿ ನಿಮ್ಮ ಮೂಲ ಪ್ಯಾಕೇಜ್ ಹೆಸರು ಕೊಟ್ಟರೆ ಕೆಳಗಿನವೂ ಸೇರುತ್ತವೆ, ಅದನ್ನೂ ಹಾಕಿಡಿ. ಎರಡು, ವಾರ್ನಿಂಗ್ ಆಗಿ ಇಡಬೇಡಿ, ಮೊದಲ ಕಮಿಟ್‌ನಿಂದಲೇ ಎರರ್ ಮಾಡಿ. ಕೋಡ್ ಬೆಳೆದ ಮೇಲೆ ಆನ್ ಮಾಡಲು ಹೋದರೆ ಒಟ್ಟಿಗೆ ನೂರಾರು ದೂರು ಬರುತ್ತವೆ, ಆಗ ಯಾರಿಗೂ ಕೂತು ಸರಿ ಮಾಡುವಷ್ಟು ಬಿಡುವು ಇರುವುದಿಲ್ಲ.

ಮರಳುಗೂಡು

ಅದರ ಜೊತೆಗೆ ಪ್ರತಿ ಕಾಲಂಗೂ ನಾಟ್ ನಲ್ ಹಾಕಿ ಶುರು ಮಾಡಿ, ಬೇಕಾದ ಕಡೆ ಮಾತ್ರ ತೆಗೆಯಿರಿ. ತೆಗೆದ ಪ್ರತಿ ಕಾಲಂಗೂ ಎಂಟಿಟಿಯಲ್ಲಿ ನಲ್ಲಬಲ್ ಇರಬೇಕು. ಎರಡೂ ಹೊಂದುತ್ತವೆಯಾ ಅಂತ ನೋಡುವ ಒಂದು ಟೆಸ್ಟ್ ಬರೆಯಿರಿ. ಪೋಸ್ಟ್‌ಗ್ರೆಸ್‌ನ ಇನ್ಫರ್ಮೇಶನ್ ಸ್ಕೀಮಾದಲ್ಲಿ ಯಾವ ಕಾಲಂ ನಲ್ ಆಗಬಹುದು ಅನ್ನೋದು ಸಿಗುತ್ತದೆ, ಎಂಟಿಟಿ ಕಡೆಯದನ್ನು ರಿಫ್ಲೆಕ್ಷನ್‌ನಿಂದ ಓದಬಹುದು, ಜೆಸ್ಪೆಸಿಫೈ ಅನೋಟೇಶನ್‌ಗಳು ಓಡುವಾಗಲೂ ಉಳಿದಿರುತ್ತವೆ. ಹೊರಗಿನ ಜೇಸನ್‌ಗೆ ಬೇರೆ ರೆಕಾರ್ಡ್ ಇಡಿ, ಅದರಲ್ಲಿ ಎಲ್ಲವೂ ನಲ್ಲಬಲ್. ಅಲ್ಲಿಂದ ನಿಮ್ಮ ಒಳಗಿನ ರೆಕಾರ್ಡ್‌ಗೆ ಬದಲಿಸುವ ಒಂದೇ ಮೆಥಡ್‌ನಲ್ಲಿ ಎಲ್ಲ ಚೆಕ್ ಮುಗಿಸಿ, ಫೀಲ್ಡ್ ಇಲ್ಲದಿದ್ದರೆ ಯಾವ ಫೀಲ್ಡ್ ಇಲ್ಲ ಅಂತ ಹೆಸರು ಹೇಳಿ ಅಲ್ಲೇ ನಿಲ್ಲಿಸಿ.

ತಿಳಿಗೊಳ

ಇದನ್ನೇ ಮಾಡುತ್ತೇವೆ. ಮೊದಲು ರದ್ದು ಮತ್ತು ಹಣ ವಾಪಸ್ ಭಾಗವನ್ನು ಈ ರೀತಿ ಬರೆಯುತ್ತೇವೆ, ಖಾಲಿ ಇರಬಹುದಾದ ಫೀಲ್ಡ್‌ಗಳು ಅಲ್ಲೇ ಜಾಸ್ತಿ. ನಲ್‌ಅವೇ ಸೆಟ್ ಮಾಡುವ ಕೆಲಸವನ್ನು ಆಂಡ್ರಾಯ್ಡ್‌ನಿಂದ ಬಂದ ಇಬ್ಬರೇ ಕೇಳಿ ತೆಗೆದುಕೊಂಡಿದ್ದಾರೆ.